ಕೆರೆದು ಅಳಿಸಿದ ಸ್ವರಗಳು

ಮೆಲ್ಬರ್ನಿನ ಕಾರ್ಲ್ಟನ್ನಿನಲ್ಲಿದ್ದ ನಮ್ಮ ಯಹೂದಿ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಫೈವೆಲ್ ಪ್ರುಸ್ಕಿಯವರು ಹಜ್ಜನ್ ಆಗಿ, ಅಂದರೆ ಮುಖ್ಯ ಗಾಯಕರಾಗಿ, ಹನ್ನೆರಡು ವರ್ಷ ಪ್ರಾರ್ಥನೆ ಹಾಡಿದರು. ಪದಗಳು ಅಜ್ಜಂದಿರ ಕಾಲದವು, ರಾಗಗಳು ಬಹುಪಾಲು ಅವರವೇ. ತಮ್ಮೂರು ಬಿಯಾಲಿಸ್ಟಾಕ್ ಬಿಟ್ಟು ಮೆಲ್ಬರ್ನ್ ಹಡಗು ಹತ್ತಿದಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಸ್ವರ ಬರೆದ ಹಾಳೆಗಳೇ ಹೆಚ್ಚಿದ್ದವಂತೆ. ಅಲ್ಲಿ ಅವನ್ನು ಹಾಡಿದ್ದ ಮೇಳದವರಲ್ಲಿ ಯುದ್ಧ ಮುಗಿದ ಮೇಲೆ ಒಬ್ಬರೂ ಉಳಿದಿರಲಿಲ್ಲ. ದರ್ಜಿಯಾದ ನಾನು, ಲೈಬಿಶ್, ಇಲ್ಲಿನ ಮೇಳದಲ್ಲಿ ಮಂದ್ರ ಹಾಡುತ್ತಿದ್ದೆ.

ಹನ್ನೆರಡನೆಯ ವರ್ಷ, ಇಲ್ಲಿನ ಜುಲೈ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಜ್ವರ ಇಳಿದ ಮೇಲೆ ಮೊದಲ ಅಭ್ಯಾಸದಲ್ಲೇ ನಮ್ಮನ್ನು ತಡೆದರು.

"ನಿಲ್ಸಿ! ಯಾರಪ್ಪಾ ಅದು ಬೆಕ್ಕಿನ ಬಾಲ ತುಳಿದೋರು? ಮೇಲಿನ ಸ್ವರ ಎಲ್ಲೋ ಹೋಗ್ತಿದೆ!"

"ಸರಿಯಾಗೇ ಇತ್ತಲ್ಲ ಹಜ್ಜನ್," ಅಂದ ಮಾಂಸದಂಗಡಿಯ ಶ್ಲೋಯ್ಮೆ.

"ನೀನು ಮಾಂಸ ತೂಗು. ಸ್ವರ ತೂಗೋದು ನಂಗೆ ಬಿಡು."

ತಾವೇ ಹಾಡಿ ತೋರಿಸಿದರು. ಮೇಲಿನ ಪ್ರತಿ ಸ್ವರವೂ ಅರ್ಧ ಮೆಟ್ಟಿಲು ಕೆಳಗೆ ಜಾರಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜ್ವರ ಅವರ ಕಿವಿಯನ್ನು ಕೆಡಿಸಿತ್ತು. ಸರಿಯಾದದ್ದೆಲ್ಲ ಅವರಿಗೆ ಏರಿ ಕೇಳಿಸುತ್ತಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಪಾಪಕ್ಷಮೆ ಬೇಡುವ ಯೋಮ್ ಕಿಪ್ಪುರ್ ಉಪವಾಸಕ್ಕೆ ಮೂರು ವಾರ ಇದ್ದಾಗ ಸಿನಗಾಗಿನ ಅಧ್ಯಕ್ಷ ಬೊರೆನ್‌ಶ್ಟೈನ್ ನನ್ನನ್ನು ಹಿಡಿದರು. "ನೀನೇ ಹೇಳಪ್ಪ. ನಿನ್ ಮಾತು ಕೇಳ್ತಾರೆ."

"ಅಧ್ಯಕ್ಷರು ನೀವು."

"ನಂಗೆ ಸಂಗೀತ ಬರಲ್ವಲ್ಲೋ!"

ಭಾನುವಾರ ಹಜ್ಜನ್ ಮನೆಗೆ ಹೋದೆ. ಬಾಗಿಲು ತೆಗೆದ ಅವರ ಹೆಂಡತಿ ಗಿತ್ಲ್ ಮುಖದಲ್ಲಿ ಸಂಭ್ರಮ. "ಬಾ ಬಾ. ಜ್ವರ ಬಿಟ್ಟಾಗಿಂದ ಊಟದ ಪರಿವೆ ಇಲ್ದೆ ಬರೀತಿದಾರೆ ನೋಡು. ಇಂಥ ಹುರುಪು ಕಂಡು ಎಷ್ಟು ವರ್ಷ ಆಗಿತ್ತೋ!"

ಹಜ್ಜನ್ ಬ್ಲೇಡು ಹಿಡಿದು ಕುಳಿತಿದ್ದರು. ಬಿಯಾಲಿಸ್ಟಾಕಿನ ಹಾಳೆಗಳಿಂದ ಒಂದೊಂದೇ ಸ್ವರವನ್ನು ಕೆರೆದು ತೆಗೆದು, ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತಿದ್ದರು. ಮೇಜಿನ ತುಂಬ ಒಣಗಿದ ಮಸಿಯ ಪುಡಿ.

"ಮೂವತ್ತು ವರ್ಷ ತಪ್ಪು ಬರ್ದಿದೀನಿ ಕಣೋ! ಒಬ್ರಾದ್ರೂ ಹೇಳ್ಬಾರ್ದಿತ್ತಾ?"

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. "ಹಜ್ಜನ್, ಹಾಳೆ ಸರಿಯಾಗಿತ್ತು. ಕೆಟ್ಟಿರೋದು ನಿಮ್ ಕಿವಿ."

ಅವರು ಬ್ಲೇಡನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಹಾಡು," ಅಂದರು. "ಮೊದಲು ಹೇಗಿತ್ತೋ ಹಾಗೆ."

ಹಾಡಿದೆ. ಹಲ್ಲುನೋವು ಬಂದವರ ಹಾಗೆ ಅವರ ಮುಖ ಕಿವುಚಿಕೊಂಡಿತು.

"ಇದು ಸರಿನಾ?"

"ಸರಿ."

"ಅಮ್ಮನಾಣೆ?"

"ಅಮ್ಮನಾಣೆ."

ಗಿತ್ಲ್ ಚಹಾ ತಂದಳು. "ಯಾಕೆ ನಿಲ್ಸಿದ್ರಿ? ಚೆನ್ನಾಗಿತ್ತು." ಇಬ್ಬರೂ ಅವಳತ್ತ ನೋಡಲಿಲ್ಲ.

ಅವಳು ಒಳಗೆ ಹೋದ ಮೇಲೆ ಹಾಳೆಗಳನ್ನು ತಿರುವಿಹಾಕಿದರು. "ನಲವತ್ತೊಂದು ರಾಗ ಮುಗ್ಸಿದೀನಿ ಲೈಬಿಶ್. ಎಲ್ಲೆಲ್ಲಿ ತಿದ್ದಿದೆ, ಮೊದ್ಲು ಏನಿತ್ತು, ಒಂದೂ ಹೊಳೀತಿಲ್ಲ. ನೆನಪು ಮಾಡ್ಕೊಂಡ್ರೆ ಅದೂ ಅಪಸ್ವರವಾಗೇ ಬರುತ್ತೆ."

ಮೇಳದವರೆಲ್ಲ ಕೂತು, ನಮ್ಮನಮ್ಮ ನೆನಪನ್ನು ಹೊಲಿದು ಹನ್ನೊಂದು ರಾಗಗಳನ್ನು ಮರಳಿ ಬರೆದೆವು. ಉಳಿದವನ್ನು ನಾವು ಯಾರೂ ಎಂದೂ ಹಾಡಿರಲಿಲ್ಲ. ಅವು ಹೋದವು.

ಉಪವಾಸದ ದಿನ ಅವರ ಜಾಗದಲ್ಲಿ ನಾನು ನಿಂತೆ. ಅವರು ಮೊದಲ ಬೆಂಚಿನಲ್ಲಿದ್ದರು. ಮೇಳ ಅವರ ರಾಗ ಎತ್ತಿಕೊಂಡಾಗ ಪ್ರಾರ್ಥನೆಯ ಶಾಲನ್ನು ತಲೆಯ ಮೇಲೆಳೆದುಕೊಂಡು ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿಕೊಂಡರು. ನಾನು ನೋಡಿದೆ. ನಿಲ್ಲಿಸುವಂತಿರಲಿಲ್ಲ, ಹಾಡಿದೆ.

ಸಂಜೆ ಅವರ ಮನೆಯಲ್ಲಿ ಉಪವಾಸ ಮುರಿಯಲು ಗಿತ್ಲ್ ಮೀನು, ರೊಟ್ಟಿ ಇಟ್ಟಳು.

"ಜನ ಅತ್ರಾ?" ಹಜ್ಜನ್ ಕೇಳಿದರು.

"ಅತ್ರು."

"ರಾಗದ ಯಾವ ಜಾಗದಲ್ಲಿ?"

ಹೇಳಿದೆ.

"ಹೌದು, ಅಲ್ಲೇ," ಅಂದರು. ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕುಳಿತರು. ತಿನ್ನಲಿಲ್ಲ.