ಜನಸಂದಣಿ: ಸೊನ್ನೆ

ಅಣ್ಣನ ದನಿ ಅಮ್ಮನಿಗೆ ಮರೆಯತೊಡಗಿತ್ತು. ಅವನು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಕಣೋ," ಎಂದಳು ಒಂದು ಬೆಳಗ್ಗೆ, ಮುರಿದ ಸೊಂಟದ ಕೆಳಗೆ ದಿಂಬು ಎಳೆದುಕೊಳ್ಳುತ್ತ. "ಬಾಯಿ ಆಡತ್ತೆ. ಸದ್ದೇ ಬರಲ್ಲ. ಟೀವಿ ಸೌಂಡ್ ತೆಗೆದ ಹಾಗೆ."

ನಮ್ಮ ಮನೆಯಲ್ಲಿ ಇಂಥ ಮಾತು ಬರಬಾರದಿತ್ತು. ಅಣ್ಣ ದನಿಯಿಂದಲೇ ಅನ್ನ ಕಂಡವನು. ದೊಡ್ಡ ಬಟ್ಟೆಯಂಗಡಿಯೊಂದರ ಮೈಕಿನಲ್ಲಿ ರಿಯಾಯಿತಿ ಕೂಗುವುದು ಅವನ ಉದ್ಯೋಗ. ಸಂಜೆ ಯಾರಾದರೂ ಕರೆದರೆ ಮಿಮಿಕ್ರಿ. ನಮ್ಮೆಲ್ಲರ ಮೊಬೈಲುಗಳಲ್ಲಿ ಅವನು ತುಂಬಿ ತುಳುಕುತ್ತಾನೆ. ಮನೆ ಮಾಲೀಕರು ಮೂಗಿನಿಂದ "ನಲ್ಲಿ ಬಿಟ್ಟು ಹೋಗ್ಬೇಡಿ" ಅನ್ನುವುದು, ರೈಲು ನಿಲ್ದಾಣದ ಹೆಂಗಸು ಒಂದಿಷ್ಟೂ ವಿಷಾದವಿಲ್ಲದೆ ವಿಷಾದಿಸುವುದು, ಕಲ್ಲು ಸಿಕ್ಕಿಕೊಂಡ ಮಿಕ್ಸಿ, ತೀರಿಹೋದ ಅಪ್ಪನ ಕೆಮ್ಮು, ಎಲ್ಲವೂ ಇವೆ. ಅವನೊಬ್ಬನಿಲ್ಲ. ರೆಕಾರ್ಡಿಂಗಿನ ಕೆಂಪು ಚುಕ್ಕೆ ಹೊತ್ತಿತೆಂದರೆ ಅಣ್ಣ ಇನ್ನೊಬ್ಬನಾಗಿಬಿಡುತ್ತಿದ್ದ. ಫೋನ್ ಮಾಡಿದರೂ ಅಷ್ಟೇ. "ಹಲೋ, ನಿನ್ನ ಗಂಡ ಕಣೇ, ಮೇಲಿಂದ. ಇಲ್ಲಿ ಸಿಗ್ನಲ್ ಚೆನ್ನಾಗಿದೆ," ಎಂದು ಅಪ್ಪನ ದನಿಯಲ್ಲಿ ಶುರುಮಾಡುತ್ತಿದ್ದ. "ಥೂ, ಮುಚ್ಚೋ ಬಾಯಿ," ಅನ್ನುತ್ತಿದ್ದಳು ಅಮ್ಮ. ಫೋನ್ ಮಾತ್ರ ಇಡುತ್ತಿರಲಿಲ್ಲ.

ಕೊನೆಗೆ ಜ್ವರ ತಲೆಗೇರಿತು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿದರು. ಊರವರ ದನಿಗಳನ್ನೆಲ್ಲ ಬಾಡಿಗೆಗೆ ಇಟ್ಟುಕೊಂಡಿದ್ದ ಆ ಗಂಟಲು ಒಂದು 'ಹೂಂ' ಕೂಡ ಅನ್ನದೆ ಬಾಗಿಲು ಹಾಕಿತು.

ಅವನ ಸ್ವಂತ ದನಿ ಉಳಿದಿದ್ದದ್ದು ಒಂದೇ ಕಡೆ, ಒಂದು ಕಂಪ್ಯೂಟರ್ ಗೇಮಿನಲ್ಲಿ. ಯಾವುದೋ ಕಂಪನಿ ದೊಡ್ಡದೊಂದು ಯುದ್ಧದ ಗೇಮನ್ನು ನಮ್ಮ ಭಾಷೆಗೆ ಡಬ್ ಮಾಡಿಸಲು ಹೊರಟಿತ್ತು. ಅಣ್ಣ ಹೋಗಿ ರಾಜನಾಗಿ ಗರ್ಜಿಸಿ, ಮಂತ್ರಿಯಾಗಿ ಗೊಣಗಿ, ಕುದುರೆಯಾಗಿ ಕೆನೆದು ಬಂದ. ಸ್ಟುಡಿಯೋದ ಗಾಜಿನ ಆಚೆ ಕೂತವರು, "ಇದೆಲ್ಲ ಬೇಡ. ನಿಮ್ಮದೇ ದನಿಯಲ್ಲಿ ಹೇಳಿ," ಅಂದರಂತೆ. ಕೊಟ್ಟದ್ದು ಸಂತೆಬೀದಿಯಲ್ಲಿ ಮೂಟೆ ಹೊತ್ತು ನಡೆಯುವ ಹಮಾಲಿಯ ಪಾತ್ರ. ಎದುರಿಗೆ ಯಾರಾದರೂ ನಿಂತರೆ ಅವನು ಹೇಳಬೇಕಾದದ್ದು ಒಂದೇ ಮಾತು: "ಯಾರ್ರೀ ಅದು ದಾರಿಗಡ್ಡ? ಸ್ವಲ್ಪ ಸರೀರಿ."

"ನಿಮ್ಮದೇ ದನಿ ಅಂತಾರಲ್ಲೋ," ಎಂದು ಅಣ್ಣ ಅವತ್ತು ಊಟಕ್ಕೆ ಕೂತಾಗ ಕುದಿದಿದ್ದ. "ಯಾವುದು ಅದು? ಯಾರತ್ರ ಇದೆ? ಇದ್ರೆ ಇಸ್ಕೊಂಡು ಬಾ."

ಕಂಪನಿ ಮನಸ್ಸು ಬದಲಿಸಿತು. ಡಬ್ಬಿಂಗ್ ಡಬ್ಬ ಸೇರಿತು. ಪರೀಕ್ಷೆಗೆಂದು ಅಣ್ಣನಿಗೆ ಕೊಟ್ಟಿದ್ದ ಒಂದು ಪ್ರತಿ ಮಾತ್ರ ಉಳಿಯಿತು. ಅದಕ್ಕೂ ಬೀಗ: ಮೊದಲು ಯಾವ ಯಂತ್ರಕ್ಕೆ ಹಾಕುತ್ತೇವೋ ಅದರಲ್ಲಷ್ಟೇ ತೆರೆಯುತ್ತದೆ, ಒಳಗಿನ ದನಿಯನ್ನು ಬೇರೆಯಾಗಿ ಎತ್ತಲು ಬರುವುದಿಲ್ಲ. ಅಣ್ಣ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದ. ಅದು ಅಂಗಡಿ ಬಿಲ್ಲು ಟೈಪು ಮಾಡಲು ಹುಟ್ಟಿದ ಯಂತ್ರ. ಗೇಮಿನ ಮೆನು ಬರುವಷ್ಟರಲ್ಲಿ ಏದುಸಿರು ಬಿಟ್ಟು ಆರಿಹೋಗುತ್ತಿತ್ತು. "ಇರಮ್ಮ, ಒಳ್ಳೇದೊಂದು ಯಂತ್ರ ತಂದು ಕೇಳಿಸ್ತೀನಿ," ಅಂದಿದ್ದ. ಆಮೇಲೆ ಅವನೇ ಆರಿಹೋದ.

"ಆ ಮೂಟೆಯವನು ಅದರಲ್ಲಿ ಇದ್ದಾನಲ್ವಾ?" ಎಂದಳು ಅಮ್ಮ. "ಒಂದು ಸಲ ಕೇಳಿಸ್ರೋ."

ನಾನು ಮಾವನನ್ನು ಕರೆಸಿದೆ. ಅಮ್ಮನ ತಮ್ಮ, ಡಬ್ಬದಂಥ ಹಳೆಯ ಟೀವಿಗಳ ರಿಪೇರಿಯಲ್ಲಿ ಕೂದಲು ಹಣ್ಣಾದವನು. ಲ್ಯಾಪ್‌ಟಾಪನ್ನು ಮಗುಚಿ ಬೆನ್ನು ತಟ್ಟಿ, ಮೂಸಿ, ನಾಡಿ ನೋಡಿದ.

"ಇದಕ್ಕೆ ಚಿತ್ರ ಬರೆಯೋ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ ಮಾವ," ಎಂದೆ. "ಇಂಟಿಗ್ರೇಟೆಡ್. ಪ್ರೊಸೆಸರ್ ಒಳಗೇ ಒಂದು ಮೂಲೆಯಲ್ಲಿದೆ. ಮೆಮರಿ ಕೂಡ ಹಂಚ್ಕೊಂಡೇ ತಿನ್ನಬೇಕು."

"ಅವಿಭಕ್ತ ಕುಟುಂಬ ಅನ್ನು. ಎಲ್ಲರಿಗೂ ಒಂದೇ ಪಾತ್ರೆ, ಯಾರಿಗೂ ಹೊಟ್ಟೆ ತುಂಬಲ್ಲ." ಮಾವ ಕನ್ನಡಕ ಏರಿಸಿದ. "ನಮ್ಮ ಲೈನಲ್ಲಿ ಒಂದೇ ನಿಯಮ ಕಣೋ. ಸೆಟ್ ಕೂತುಹೋದ್ರೆ ಒಂದೊಂದೇ ಲೋಡ್, ಅದರ ಮೇಲಿನ ಭಾರ, ಕಳಚು. ಚಿತ್ರ ಅಲ್ಲಾಡದೆ ನಿಂತ ಮೇಲೆ ಕಳಚೋದು ನಿಲ್ಲಿಸು."

ಲ್ಯಾಪ್‌ಟಾಪನ್ನು ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ, ಬೋರಲು ಹಾಕಿದ ಎರಡು ಸ್ಟೀಲ್ ತಟ್ಟೆಗಳ ಮೇಲೆ ಕೂರಿಸಿದೆವು. ಹಿಂದಿನಿಂದ ಟೇಬಲ್ ಫ್ಯಾನ್. ಗೇಮಿನ ಸೆಟ್ಟಿಂಗ್ಸ್ ತೆರೆದರೆ ಪ್ರತಿಯೊಂದರ ಮುಂದೆಯೂ ಹೈ, ಮೀಡಿಯಂ, ಲೋ. ಮಾವ ಎಲ್ಲವನ್ನೂ 'ಲೋ'ಗೆ ಇಳಿಸುತ್ತ ಹೋದ. "ಇದನ್ನ ಲೋ ಅಂತಲೇ ಮಾತಾಡಿಸಬೇಕು. ಮರ್ಯಾದೆ ಕೊಟ್ರೆ ತಡ್ಕೊಳಲ್ಲ," ಎಂದ. ನೆರಳು ತೆಗೆದೆವು. ಹುಲ್ಲು ತೆಗೆದೆವು. ಮಂಜು, ಹೊಗೆ, ನೀರಿನಲ್ಲಿ ಬೀಳುವ ಬಿಂಬ, ಕುದುರೆಯ ಮೈಕೂದಲು, ಎಲ್ಲ ಹೋಯಿತು. ಆದರೂ ಸಂತೆಬೀದಿಯ ಹೆಬ್ಬಾಗಿಲು ದಾಟುತ್ತಿದ್ದ ಹಾಗೆ ಯಂತ್ರ ವಿಮಾನ ಏಳುವ ಹಾಗೆ ಅರಚಿ ಕಲ್ಲಾಗುತ್ತಿತ್ತು.

"ಹೆಂಗಾಯ್ತೋ?" ಅಮ್ಮ ಮಲಗಿದಲ್ಲಿಂದಲೇ.

"ಹ್ಯಾಂಗ್ ಆಯ್ತಮ್ಮ."

ಹೀಗೆ ಹಲವು ಬೆಳಗುಗಳು ಕಳೆದವು. ಬಿಸಿಲೇರಿದರೆ ಕೋಣೆಯೇ ಒಲೆಯಾಗುತ್ತಿದ್ದುದರಿಂದ ತಂಪು ಹೊತ್ತಿನಲ್ಲೇ ನಮ್ಮ ಪ್ರಯತ್ನ. ಅಮ್ಮನಿಗಂತೂ ಬೆಳಗಾಗುವುದೇ ಇದಕ್ಕಾಗಿ. ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ನೆಂಟರನ್ನು ಎದುರುಗೊಳ್ಳುವ ಹಾಗೆ ಕೂರುತ್ತಿದ್ದಳು. ನನಗೆ ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು.

ಒಂದು ದಿನ ಮಾವ ಪಟ್ಟಿಯ ತಳದಲ್ಲಿದ್ದ ಗುಂಡಿಯೊಂದನ್ನು ಎಡಕ್ಕೆ ಎಳೆದ. ಯಂತ್ರದ ಅರಚಾಟ ಇಳಿಯಿತು. ನಾವು ಹೆಬ್ಬಾಗಿಲು ದಾಟಿದೆವು. ಬೀದಿ ಬೆಣ್ಣೆಯ ಹಾಗೆ ಜಾರಿತು.

"ನೋಡಕ್ಕಾ, ನೋಡು! ಎಷ್ಟು ಸಲೀಸು!" ಮಾವ ತೊಡೆ ತಟ್ಟಿದ.

ಸಂತೆಯ ನಟ್ಟನಡುವೆ ನಿಂತೆವು. ಅಂಗಡಿಗಳಿದ್ದವು, ತಕ್ಕಡಿಗಳಿದ್ದವು, ಬುಟ್ಟಿ ತುಂಬ ಬಣ್ಣಗೆಟ್ಟ ಹಣ್ಣುಗಳಿದ್ದವು. ಗಾಳಿಯ ಸದ್ದು ಬಿಟ್ಟರೆ ಇನ್ನೇನಿಲ್ಲ. ಕಾದೆವು. ದಾರಿಗೆ ಅಡ್ಡಲಾಗಿಯೇ ನಿಂತು ಕಾದೆವು.

"ಏನೋ ಇದು, ಕರ್ಫ್ಯೂನಾ?" ಎಂದಳು ಅಮ್ಮ. "ಜನ ಎಲ್ಲಿ?"

"ಜನಾನೇ ಅಕ್ಕಾ ಎಲ್ಲಕ್ಕಿಂತ ಭಾರ. ಅದಕ್ಕೇ ತೆಗೆದುಬಿಟ್ವಿ. ಇಲ್ಲಿ ನೋಡು, ಜನಸಂದಣಿ: ಸೊನ್ನೆ."

ಅಮ್ಮ ಪರದೆಯನ್ನೇ ನೋಡುತ್ತಿದ್ದಳು. "ಅವನೇನು ರಾಜನಾ?" ಎಂದಳು. "ಅವನೂ ಜನಾನೇ ಅಲ್ವೇನೋ?"

ಮಾವ ಕನ್ನಡಕ ತೆಗೆದ. ಒರೆಸಿದ. ಅದರಲ್ಲಿ ಒರೆಸುವುದೇನೂ ಇರಲಿಲ್ಲ. ಭಾರ ಕಳಚುತ್ತ ಕಳಚುತ್ತ, ಯಾರನ್ನು ಹುಡುಕಲು ಬಂದಿದ್ದೆವೋ ಅವನನ್ನೇ ಕಳಚಿ ಪಕ್ಕಕ್ಕಿಟ್ಟಿದ್ದೆವು. ಹಲವು ದಿನಗಳ ನಮ್ಮ ಜಾಣತನದ ಕೊನೆಯ ಗೆಲುವು ಅದು.

ಜನರನ್ನು ವಾಪಸು ತಂದರೆ ಯಂತ್ರ ಸಾಯುತ್ತಿತ್ತು. ತಂದೆವು, ಸತ್ತಿತು, ತಣ್ಣಗಾದ ಮೇಲೆ ಮತ್ತೆ ತಂದೆವು. ಅರ್ಧ ಜನ, ಕಾಲು ಜನ ಇಟ್ಟು ನೋಡಿದರೆ ಬಳೆ ಮಾರುವವಳು ಬಂದಳು, ಕುಂಟ ಭಿಕ್ಷುಕ ಬಂದ, ಹಮಾಲಿ ಬರಲಿಲ್ಲ. ಪೂರ್ತಿ ಜನ ತುಂಬಿದಾಗಷ್ಟೇ ಅವನಿಗೆ ಕರೆ. ಅಲ್ಲಿಯೂ ಅವನದು ಕೊನೆಯ ಸಾಲು.

ಒಂದು ಬೆಳಗ್ಗೆ ತಟ್ಟೆಗಳ ನಡುವಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮಾವ ಯಂತ್ರದ ಹೊಟ್ಟೆಯ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದ. "ಬೋರ್ಡ್ ಹೋಗ್ತಿದೆ. ಜನ ತುಂಬಿಸಿದ್ರೆ ಹೆಚ್ಚೆಂದ್ರೆ ಇನ್ನೊಂದು ಸಲ. ಇದು ಹೋದ್ರೆ ಆ ಬೀಗ ಇನ್ನೆಲ್ಲೂ ತೆರೆಯಲ್ಲ ಅಲ್ವಾ?"

"ತೆರೆಯಲ್ಲ."

"ಹಾಗಿದ್ರೆ ಬಿಡಕ್ಕಾ. ಒಳಗಾದ್ರೂ ಇರಲಿ ಅವನು."

"ಒಳಗಿದ್ದು ಏನು ಮಾಡ್ತಾನೆ?" ಎಂದಳು ಅಮ್ಮ.

ದಾರಿ ಹೊಳೆದದ್ದು ನನಗೆ. ಗೇಮಿನ ಖಾಲಿ ಬೀದಿಯಲ್ಲಿ ಸುಮ್ಮನೆ ಓಡಾಡುತ್ತಿದ್ದಾಗ ಗೋಡೆಗೆ ಹೋಗಿ ಮುಖ ತಾಗಿಸಿದೆ. ತಕ್ಷಣ ಯಂತ್ರದ ಫ್ಯಾನು ತಣ್ಣಗಾಯಿತು. ತಿರುಗಿದೆ, ಮತ್ತೆ ಗುಂಯ್‌ಗುಟ್ಟಿತು. ಯಂತ್ರ ಕಣ್ಣೆದುರು ಇರುವುದನ್ನಷ್ಟೇ ಬರೆಯುತ್ತದೆ. ಬೆನ್ನ ಹಿಂದಿನವರು ನಡೆಯುತ್ತಾರೆ, ಮಾತಾಡುತ್ತಾರೆ. ಅವರ ಚಿತ್ರ ಬರೆಯುವ ಕಷ್ಟ ಮಾತ್ರ ಅದಕ್ಕಿಲ್ಲ.

"ಅಮ್ಮ, ಕೇಳಬಹುದು," ಎಂದೆ. "ನೋಡೋಕಾಗಲ್ಲ. ಗೋಡೆಗೆ ಮುಖ ಮಾಡಿಯೇ ನಿಂತಿರಬೇಕು. ತಿರುಗಿದ್ರೆ ಮುಗೀತು."

"ನನಗೆ ಬೇಕಾಗಿರೋದು ದನಿ ತಾನೆ?" ಎಂದಳು ಅಮ್ಮ. "ತಿರುಗಲ್ಲ."

ಮರುದಿನ ಬೆಳಗ್ಗೆ ಅವಳು ಒಳ್ಳೆಯ ಸೀರೆ ಉಡಿಸೆಂದು ಹಟ ಹಿಡಿದಳು. ಸಂತೆಯ ಇಕ್ಕಟ್ಟು ಜಾಗದಲ್ಲಿ, ಮೂಟೆಯವನು ಹಾಯಲೇಬೇಕಾದ ದಾರಿಗೆ ಅಡ್ಡವಾಗಿ, ಗೇಮಿನೊಳಗಿನ ನಮ್ಮ ಆಳನ್ನು ಗೋಡೆಗೆ ಮೂಗು ತಾಗಿಸಿ ನಿಲ್ಲಿಸಿದೆವು. ಪರದೆಯ ತುಂಬ ಮಣ್ಣಿನ ಬಣ್ಣ, ಇನ್ನೇನೂ ಇಲ್ಲ. ನಾನು ಮೊಬೈಲಿನ ಕೆಂಪು ಚುಕ್ಕೆ ಹೊತ್ತಿಸಿ ಸ್ಪೀಕರಿನ ಬಳಿ ಹಿಡಿದೆ. ಅಮ್ಮ ತಾನೇ ಟಚ್‌ಪ್ಯಾಡಿನ ಹತ್ತಿರ ಕೈಯಿಟ್ಟುಕೊಂಡು ಕೂತಳು. "ಸುಮ್ನೆ ಇಟ್ಕೋತೀನಿ. ಅವನ ಯಂತ್ರ," ಎಂದಳು. ಮಾವ ಜನಸಂದಣಿಯನ್ನು ಬಲತುದಿಗೆ ಎಳೆದ.

ಬೆನ್ನ ಹಿಂದೆ ಊರು ಎದ್ದಿತು. ಬಳೆಯ ಸದ್ದು, ಕುದುರೆ, ಮಕ್ಕಳ ಕಿರುಚಾಟ, ಯಾರೋ ಯಾರಿಗೋ ಬೈಯುವುದು. ಫ್ಯಾನು ಏರಿತು, ಆದರೆ ತಡೆದುಕೊಂಡಿತು. ಭಾರದ ಹೆಜ್ಜೆಗಳು ಹತ್ತಿರವಾದವು.

"ಯಾರ್ರೀ ಅದು ದಾರಿಗಡ್ಡ? ಸ್ವಲ್ಪ ಸರೀರಿ."

ಅದು ಯಾರ ಹಾಗೂ ಇರಲಿಲ್ಲ. ಸ್ವಲ್ಪ ಒಡಕು, ಕೊನೆಯಲ್ಲಿ ಒಂದಿಷ್ಟು ಸಂಕೋಚ. ಊಟಕ್ಕೆ ಕೂತು ಉಪ್ಪು ಕೇಳುವಾಗಿನ, ಬಾತ್‌ರೂಮಿನೊಳಗಿಂದ ಟವೆಲ್ ಕೇಳುವಾಗಿನ ದನಿ. ನನಗೂ ಅದು ಮರೆತುಹೋಗಿತ್ತೆಂದು ಆಗಲೇ ಗೊತ್ತಾದದ್ದು.

"ಅವನೇ," ಎಂದಳು ಅಮ್ಮ. ಆಮೇಲೆ, "ರೀ ಅಂತಾನಲ್ಲೋ ನನಗೆ! ಬಹಳ ದೊಡ್ಡ ಮನುಷ್ಯ ಆಗಿದ್ದಾನೆ."

ಹೆಜ್ಜೆಗಳು ಹಿಂದೆ ಸರಿದು, ಸುತ್ತಿ, ಮತ್ತೆ ಬಂದವು. "ಯಾರ್ರೀ ಅದು ದಾರಿಗಡ್ಡ?"

"ನಾನು ಕಣೋ," ಎಂದಳು ಅಮ್ಮ.

"ಸ್ವಲ್ಪ ಸರೀರಿ."

"ಎಲ್ಲಿಗೋ ಸರೀಲಿ? ಸೊಂಟ ಮುರಿದಿದೆ."

ಮಾವ ಅವಳ ಭುಜ ಹಿಡಿದ. "ಅಕ್ಕಾ, ಸಾಕು. ಕೇಳಿದ್ದಾಯ್ತಲ್ಲ. ಮುಚ್ಚಿಡೋಣ, ನಾಳೆ ಮತ್ತೆ ಕೇಳು." ಸುಟ್ಟ ವಾಸನೆ ಮತ್ತೆ ಏಳುತ್ತಿತ್ತು. ಹಿಂದೆ ಹೆಜ್ಜೆಗಳು ಮೂರನೆಯ ಸಲ ಹತ್ತಿರವಾದವು.

"ಅಷ್ಟು ಹೊತ್ತಿಂದ ಮೂಟೆ ಹೊತ್ಕೊಂಡು ನಿಂತಿದ್ದಾನೆ," ಎಂದಳು ಅಮ್ಮ. "ತಿರುಗಿ ನೋಡದೆ ಹೆಂಗೋ ಇರಲಿ?"

ನಾನು ಕೈ ಹಿಡಿಯುವಷ್ಟರಲ್ಲಿ ಅವಳ ಬೆರಳು ಸರಿದಿತ್ತು. ಗೋಡೆ ಪಕ್ಕಕ್ಕೆ ಹೋಯಿತು. ಪರದೆಯ ಅಂಚಿನಲ್ಲಿ ಒಂದು ಮೂಟೆ, ಅದರ ಕೆಳಗೊಂದು ಭುಜ, ಅರ್ಧ ಮುಖ. ಮುಖದಲ್ಲಿ ಕಣ್ಣು ಮೂಗು ಏನೂ ಇರಲಿಲ್ಲ. ಅವನ್ನೂ ನಾವೇ ಲೋಗೆ ಇಳಿಸಿದ್ದೆವು. ಎಲ್ಲ ನಿಂತಿತು. ದನಿ ಮಾತ್ರ ಸಿಕ್ಕಿಕೊಂಡು, "ರೀ-ರೀ-ರೀ-ರೀ-ರೀ" ಎಂದು ಕೋಣೆ ತುಂಬ ಹೊಡೆದುಕೊಂಡಿತು. ಮಾವ ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಪರದೆ ಕಪ್ಪಾಯಿತು.

ಆಮೇಲೆ ಅದು ಏಳಲಿಲ್ಲ. ಮಾವ ಬಿಚ್ಚಿ ನೋಡಿ, ಬೋರ್ಡನ್ನು ಬೆಳಕಿಗೆ ಹಿಡಿದು, ಸ್ಕ್ರೂಗಳನ್ನು ಎಲ್ಲಿಯವನ್ನು ಅಲ್ಲಿಗೇ ತಿರುಗಿಸಿದ.

ಮೊಬೈಲಿನಲ್ಲಿ ಉಳಿದದ್ದನ್ನು ಹಾಕಿದೆ. ಟೇಬಲ್ ಫ್ಯಾನು ಬೀಸುತ್ತಿದೆ, ಯಂತ್ರದ ಫ್ಯಾನು ಅರಚುತ್ತಿದೆ. ಅವುಗಳ ಅಡಿಯಲ್ಲಿ ಯಾರೋ ಏನೋ ಅಂದಂತೆ. ಅಮ್ಮ "ನಾನು ಕಣೋ" ಅನ್ನುವುದು ಚೆನ್ನಾಗಿ ಕೇಳುತ್ತದೆ. ಕೊನೆಯ "ರೀ-ರೀ-ರೀ-ರೀ" ಅಂತೂ ಗಂಟೆ ಹೊಡೆದ ಹಾಗೆ ಸ್ಪಷ್ಟ.

ಅಮ್ಮ ಅದನ್ನು ಕಿವಿಗಿಟ್ಟು ಕೊನೆಯವರೆಗೂ ಕೇಳಿದಳು. "ಕೆಂಪು ಚುಕ್ಕೆ ಹಚ್ಚಿದ್ಯಾ?" ಎಂದಳು.

"ಹೂಂ."

"ಹಾಗಾದ್ರೆ ಇನ್ನೇನು ಮಾಡ್ತಾನೆ? ಕೆಟ್ಟ ಯಂತ್ರದ ಮಿಮಿಕ್ರಿ ಮಾಡಿ ಹೋದ."

ಕೆಲವು ದಿನ ಅವಳು ಆ ಮಾತನ್ನೇ ಎತ್ತಲಿಲ್ಲ. ಬೆಳಗ್ಗೆ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ಒಂದು ಮಧ್ಯಾಹ್ನ ನಾನು ಮಾತ್ರೆ ಕೊಡಲು ಹೋದಾಗ, "ನೀನೂ ಎಲ್ಲರ ದನಿ ಮಾಡ್ತೀಯಲ್ಲ. ಅವನ ಹಾಗೆ ಹೇಳು," ಎಂದಳು.

ನಾನು ಮಾಲೀಕರ ಮೂಗು ಮಾಡಬಲ್ಲೆ, ಅಪ್ಪನ ಕೆಮ್ಮು ಮಾಡಬಲ್ಲೆ. ಇದು ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಹೇಳಿದೆ.

"ಅಲ್ಲ," ಎಂದಳು.

ದನಿ ತಗ್ಗಿಸಿ ಇನ್ನೊಮ್ಮೆ ಹೇಳಿದೆ.

"ಅಲ್ಲ." ಆಮೇಲೆ ಮಂಚದ ಸರಳು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಗೋಡೆಯ ಕಡೆ ಮಗ್ಗುಲಾದಳು. "ಈಗ ಹೇಳು. ಹಿಂದಿನಿಂದ."

ನಾನು ಬಾಗಿಲ ಹತ್ತಿರಕ್ಕೆ ಹೋಗಿ, ಭಾರವಾದ ಹೆಜ್ಜೆಗಳನ್ನಿಡುತ್ತ ಮಂಚದ ಬಳಿಗೆ ಬಂದು ನಿಂತೆ. "ಯಾರ್ರೀ ಅದು ದಾರಿಗಡ್ಡ?" ಎಂದೆ. "ಸ್ವಲ್ಪ ಸರೀರಿ."

ಅಮ್ಮ ತಿರುಗಲಿಲ್ಲ. ಸುಣ್ಣ ಎದ್ದ ಗೋಡೆಗೆ ಮೂಗು ತಾಗುವಷ್ಟು ಸರಿದು, ಮಂಚದಲ್ಲಿ ನನಗೆ ಜಾಗ ಬಿಟ್ಟಳು.