ಬೆಲ್ಲ ಕಮ್ಮಿ ಕಷಾಯ

ಚಮಚ ಲೋಟಕ್ಕೆ ತಾಗಿದ ಸದ್ದು, ಜೀರಿಗೆ ಕೊತ್ತಂಬರಿಯ ವಾಸನೆ, ಪರಿಮಳಾ ಬಂದಳು, ಫ್ಲಾಸ್ಕಿನಲ್ಲಿ ಕಷಾಯ ತಂದಿದ್ದಾಳೆ, ಪೊರೆ ತೆಗೆದ ಎಡಗಣ್ಣಿಗೆ ಪಟ್ಟಿ, ಬಲಗಣ್ಣು ಮೊದಲೇ ಮಂಜು, ಶಿರಸಿಯ ಈ ಆಸ್ಪತ್ರೆಯಲ್ಲಿ ನಿನ್ನೆಯಿಂದ ನನಗೆ ಮನುಷ್ಯರೆಲ್ಲ ಬರೀ ಸದ್ದು, ತೊಂಬತ್ತೊಂಬತ್ತರ ಕ್ಯಾಲೆಂಡರೂ ಫ್ಯಾನಿನ ಗಾಳಿಗೆ ಬರೀ ಪಟಪಟ — ಅತ್ತಿಗೆ, ಬಾಯಿ ತೆಗಿ, ಎನ್ನುತ್ತಾಳೆ, ಎಪ್ಪತ್ತರ ನನಗೆ ಅರವತ್ತರ ನಾದಿನಿ ಕುಡಿಸುವುದು, ಪ್ರತಿ ಗುಟುಕಿಗೂ ಆ ಕಾಗದ ನೆನಪಾಗುತ್ತದೆ, ಮೂವತ್ತೆಂಟು ವರ್ಷದಿಂದ ಹೀಗೆಯೇ — ಇವಳು, ಗಂಡ ಸತ್ತು ಇಪ್ಪತ್ತೆರಡಕ್ಕೇ ಮತ್ತಿಘಟ್ಟದ ತವರಿಗೆ ಮರಳಿದವಳು, ಯಾರಿಗೂ ಹೇಳದೆ ಶಿಕ್ಷಕಿ ತರಬೇತಿಗೆ ಅರ್ಜಿ ಹಾಕಿದ್ದಳು, ಸೀಟು ಸಿಕ್ಕಿದ ಕಾಗದ ನನ್ನ ಕೈಗೆ ಬಂತು, ನನಗಾಗ ಎಂಟು ತಿಂಗಳು, ಇವಳು ಹೋದರೆ ಕೊಟ್ಟಿಗೆ ಯಾರು, ನನ್ನ ಬಾಣಂತನ ಯಾರು, ಅಷ್ಟೇ ಯೋಚಿಸಿದ್ದು, ಬಚ್ಚಲ ಒಲೆಗೆ ಹಾಕಿಬಿಟ್ಟೆ, ಅವಳು ತಿಂಗಳುಗಟ್ಟಲೆ ಬೇಲಿಯ ದಣಪೆ ಬಾಗಿಲ ಬಳಿ ನಿಂತು ಅಂಚೆಯವನನ್ನು ಕಾದಳು, ಆಮೇಲೆ ನಿಲ್ಲುವುದು ಬಿಟ್ಟಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು — ಈಗಲೇ ಹೇಳಿಬಿಡಬೇಕು, ಕಣ್ಣು ಕಾಣದಿರುವಾಗಲೇ, ಮುಖ ನೋಡುವ ಕಷ್ಟವಿಲ್ಲ, ಪರಿಮಳಾ, ಆ ಕಾಗದ ಬಂದಿತ್ತು, ಆನೇ ಸುಟ್ಟಾಕಿದ್ದೆ, ಸುಟ್ಟವಳು ನಾನೇ ಎಂದು ಹೇಳಿಯೇಬಿಟ್ಟೆ, ಫ್ಲಾಸ್ಕಿನ ಮುಚ್ಚಳ ತಿರುಗುವ ಸದ್ದು, ತಿರುಗುತ್ತಲೇ ಇದೆ, ಗೊತ್ತಿತ್ತು ಅತ್ತಿಗೆ, ಎಂದಳು, ಕಾಗದ ನಿನ್ನ ಕೈಗೆ ಕೊಟ್ಟಿದ್ದು ಅಂಚೆ ಚನ್ನಯ್ಯ ಹೇಳಿದ್ದ — ಸಿಟ್ಟು ಬರಲ್ಯನೇ, ಕೇಳಿದೆ ನಾನು, ಬರದೇ ಎಂತ, ಹನ್ನೆರಡು ವರ್ಷ ನಿನ್ನ ಕಷಾಯಕ್ಕೆ ಬೇಕಂತ್ಲೇ ಬೆಲ್ಲ ಕಮ್ಮಿ ಹಾಕ್ತಿದ್ದೆ, ಆಮೇಲೆ ಮರ್ತೇ ಹೋತು — ಅಯ್ಯೋ, ಹನ್ನೆರಡು ವರ್ಷ ನಾನು ಬೆಲ್ಲ ಕೊಟ್ಟ ಅಂಗಡಿಯವನನ್ನು ಬೈದೆನಲ್ಲ, ಹೊಟ್ಟೆಯೊಳಗಿಂದ ನಗು ಉಕ್ಕಿತು, ನಗಡ, ಹೊಲಿಗೆ ಬಿಚ್ಚೋಗ್ತು ಎನ್ನುತ್ತಾ ಅವಳೂ ನಗುತ್ತಾಳೆ, ಮಂಚ ಅಲುಗುತ್ತದೆ, ನಗು ನಿಂತ ಮೇಲೆ ಮೆಲ್ಲಗೆ, ಶಾಲೆ ಎದುರಿಗೆ ಹೋಪಾಗ ಈಗ್ಲೂ ಆ ಬದಿ ನೋಡ್ತ್ನಿಲ್ಲೆ ಅತ್ತಿಗೆ, ಎಂದಳು — ಗಾಳಿಯಲ್ಲಿ ಕೈ ಚಾಚಿದೆ, ಹಿಡಿದಳು, ಬಹಳ ಹೊತ್ತು ಬಿಡಲಿಲ್ಲ, ಮಧ್ಯಾಹ್ನ ಹಾಗೆಯೇ ನಿದ್ದೆ ಬಂತು, ಎಷ್ಟೋ ವರ್ಷಗಳ ಮೇಲೆ ಅಂಥ ನಿದ್ದೆ — ಮರುದಿನ ಬೆಳಿಗ್ಗೆ ನರ್ಸಮ್ಮ ಪಟ್ಟಿ ಬಿಚ್ಚುತ್ತಾಳೆ, ರೆಪ್ಪೆಗೆ ತಂಪು, ಒಳಗೆ ಬಿಳಿ ಬೆಳಕು, ಎಷ್ಟು ಬೆರಳು ಹೇಳಿ ಅಜ್ಜಿ, ನೀರು ತುಂಬಿ ಅವಳ ಕೈ ಕಲಸಿಹೋಗುತ್ತದೆ, ಅವಳ ಬೆನ್ನ ಹಿಂದೆ ಯಾರೋ, ಪರಿಮಳಾ, ಎಷ್ಟು ಮುದುಕಿಯಾಗಿದ್ದಾಳೆ, ಉತ್ತರ ಮರೆತ ಮಗುವಿಗೆ ಹೇಳಿಕೊಡುವ ಹಾಗೆ ಹುಬ್ಬೇರಿಸಿ, ಸದ್ದಿಲ್ಲದೆ ಬಾಯಾಡಿಸುತ್ತಾ, ಎತ್ತಿ ಹಿಡಿದಿದ್ದಾಳೆ, ಮೂರು ಬೆರಳು, ಗೆಣ್ಣು ಗೆಣ್ಣೂ ಕಾಣುತ್ತಿದೆ, ಮೂರು ಬೆರಳು, ಮೂರು —