ಡಬ್ಬಿಯ ಕೊರಳಿನ ತಂತಿ

ಬೂದೆಪ್ಪ ಮುಂದಿನ ಗಾಲಿ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮೇಲೆ ಉಗುಳಿದ. ಉಗುಳು ಚುರ್ರೆಂದು ಆರಿಹೋಯಿತು.

"ರೊಟ್ಟಿ ಬೇಯಿಸಬಹುದು ನೋಡು ಇದರ ಮ್ಯಾಲ," ಎಂದ ರಾಮಣ್ಣ. ದೇವದುರ್ಗದಿಂದ ಮಾನ್ವಿಗೆ ಬಾಡಿಗೆಗೆ ಬಂದಿದ್ದ ಅವನ ಹಳೇ ಅಂಬಾಸಿಡರ್ ಸಿರವಾರ ದಾಟುತ್ತಿದ್ದಂತೆ ಹಟ ಹಿಡಿದಿತ್ತು. ಕಾಲು ತೆಗೆದರೂ ಬ್ರೇಕು ಬಿಡದು. ಕುಳಿತಿದ್ದವರು ಇಳಿದು ಬಸ್ಸು ಹತ್ತಿದರು. ಗಾಡಿ ತಣ್ಣಗಾಗುವ ತನಕ ರಾಮಣ್ಣ ಬೇವಿನ ಗಿಡದ ಕೆಳಗೆ ಕೂತು, ಆಮೇಲೆ ನಾಲ್ಕು ಮಾರು ಓಡಿಸಿ, ಮತ್ತೆ ಕೂತು, ಹೀಗೆ ಕುಂಟುತ್ತ ಮಾನ್ವಿ ಮುಟ್ಟಿದ್ದ. ಊರ ಹೊರಗೆ ಮೊದಲು ಸಿಕ್ಕಿದ್ದೇ ಬೂದೆಪ್ಪನ ತಗಡಿನ ಶೆಡ್ಡು.

ಬೂದೆಪ್ಪ ಮಾತಾಡುವುದೇ ಕಡಿಮೆ. ಒಂದೊಂದು ದಿನ ಬೆಳಗಿನಿಂದ ಸಂಜೆಯವರೆಗೆ ಪಾನಾ-ಸುತ್ತಿಗೆಗಳ ಸದ್ದು ಬಿಟ್ಟರೆ ಆ ಶೆಡ್ಡಿನಲ್ಲಿ ಬೇರೆ ಸದ್ದಿರುತ್ತಿರಲಿಲ್ಲ. ನಾಲ್ಕೂ ಗಾಲಿಗಳನ್ನು ಒಂದೊಂದಾಗಿ ಜಾಕಿಗೆ ಏರಿಸಿ ತಿರುಗಿಸಿ ನೋಡಿದ. ನಾಲ್ಕೂ ಬಿಗಿ. ಒಂದೇ ಗಾಲಿ ಹಿಡಿದಿದ್ದರೆ ಆ ಗಾಲಿಯದೇ ರೋಗ ಎನ್ನಬಹುದು. ನಾಲ್ಕೂ ಹಿಡಿದರೆ ರೋಗ ತಲೆಯಲ್ಲಿದೆ. ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದ. ಒಂದು ಗಾಲಿಯ ಹಿಂದಿದ್ದ, ಎಣ್ಣೆ ಹೊರಬಿಡುವ ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿದ್ದೇ ತಡ, ಬ್ರೇಕಿನ ಎಣ್ಣೆ ಪಿಚಕಾರಿಯಂತೆ ಚಿಮ್ಮಿ ಅವನ ಗದ್ದಕ್ಕೆ ಬಡಿಯಿತು. ಗಾಲಿ ತಾನಾಗಿ ಹಗುರಾಯಿತು.

"ಕಾಲು ತೆಗದ ಮ್ಯಾಲ ಎಣ್ಣಿ ವಾಪಸ್ ಹೋಗಬೇಕು. ಇಲ್ಲಿ ಹೋಗವಲ್ಲದು," ಎಂದ ಒಳಗಿನಿಂದಲೇ. "ಹೋಗೋ ತೂತಿನ ಬಾಯಾಗ ಏನೋ ಕುಂತದ."

ಚಾಲಕನ ಕಾಲಡಿಯ ಚಾಪೆ ಎತ್ತಿ, ಹಲಗೆ ಸರಿಸಿ, ನಾಲ್ಕೂ ಗಾಲಿಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ ತೆಗೆಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಗಟ್ಟಿ ಬಿಲ್ಲೆಯ ಹಾಗೆ ಇರಬೇಕಾದ ಒಳಗಿನ ರಬ್ಬರ್ ವಾಷರು ಉಬ್ಬಿ ಮೆತ್ತಗಾಗಿ ಹಣ್ಣಾದ ನೇರಳೆಯಂತೆ ಹೊರಬಂತು. ಬೂದೆಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಇಂಥದ್ದನ್ನು ಅವನು ಹಿಂದೆ ಒಂದು ಸಲ ನೋಡಿದ್ದ.

ಎದ್ದು ಹೋಗಿ ತನ್ನ ಗ್ಲಾಸು ತಂದ. ಶೆಡ್ಡಿನಲ್ಲಿದ್ದದ್ದು ಅದೊಂದೇ ಗ್ಲಾಸು. ಎದುರಿನ ಹೋಟೆಲಿನಲ್ಲಿ ಅವನ ಕೇರಿಯವರಿಗೆಂದು ಗೋಡೆಯ ಗೂಡಿನಲ್ಲಿ ಬೇರೆ ಗ್ಲಾಸು ಬೋರಲು ಹಾಕಿರುತ್ತಿದ್ದರು, ಕುಡಿದವರೇ ತೊಳೆದಿಡಬೇಕು. ಶೆಡ್ಡು ಹಾಕಿದ ಮೊದಲ ದಿನವೇ ಅದನ್ನು ನೋಡಿ ಬೂದೆಪ್ಪ ಸಂತೆಯಿಂದ ಸ್ವಂತ ಗ್ಲಾಸು, ಸ್ವಂತ ಸ್ಟೌ ತಂದಿದ್ದ. ಆ ಹೋಟೆಲಿನ ಕಡೆ ಅಂದಿನಿಂದ ಮುಖ ಹಾಕಿಲ್ಲ.

ಗ್ಲಾಸಿಗೆ ನೀರು ತುಂಬಿ, ಸಿಲಿಂಡರಿನೊಳಗಿನ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟ. ಬ್ರೇಕ್ ಆಯಿಲ್ ಆಗಿದ್ದರೆ ನೀರಿನಲ್ಲಿ ಬೆರೆತು ಮಾಯವಾಗಬೇಕು. ಒಂದಿಷ್ಟು ಬೆರೆಯಿತು. ಉಳಿದದ್ದು ಮೇಲೆ ಬಂದು, ದುಂಡಗೆ ಹರಡಿ, ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆಯಿತು.

"ಇಂಜಿನ್ ಆಯಿಲ್ ಕೂಡ್ಯದ," ಎಂದ ಬೂದೆಪ್ಪ. "ಬ್ರೇಕಿಗೆ ಎಣ್ಣಿ ಯಾರ ಕಡೆ ಹಾಕಿಸಿದಿ?"

"ಮತ್ಯಾರ ಕಡೆ? ರಾಯಚೂರಾಗ ಸತ್ತಾರ್ ಸಾಬ್ ಕಡೆ. ಹೋದ ವಾರ." ರಾಮಣ್ಣ ಬೀಡಿ ಕೆಳಗಿಳಿಸಿದ. "ಲೇ, ಅದ ಗ್ಯಾರೇಜಿನ್ಯಾಗ ಅಲ್ಲೇನು ನೀ ಇದ್ದದ್ದು? ಆ ಗುತ್ತಿಗೆದಾರನ ಗಾಡಿ..."

ಬೂದೆಪ್ಪ ಗ್ಲಾಸನ್ನು ಸ್ಟೌವಿನ ಪಕ್ಕಕ್ಕೆ ಸರಿಸಿಟ್ಟ.

ಎರಡು ವರ್ಷದ ಹಿಂದಿನ ಮಾತು. ಗುತ್ತಿಗೆದಾರನೊಬ್ಬನ ಕಾರು ಸತ್ತಾರ್ ಸಾಬರ ಗ್ಯಾರೇಜಿನಿಂದ ಹೊರಟು ಕಲ್ಮಲದ ಹತ್ತಿರ ಬ್ರೇಕು ಹಿಡಿದು, ಮಗ್ಗುಲಿಗೆ ಎಳೆದು, ತಗ್ಗಿಗೆ ಇಳಿದಿತ್ತು. ಆತನ ಕೈ ಮುರಿದಿತ್ತು. ಕಟ್ಟು ಹಾಕಿದ ಕೈಯಲ್ಲೇ ಬಂದು ಗ್ಯಾರೇಜಿರುವ ತೀನ್ ಕಂದೀಲಿನ ನಡುಬಜಾರಿನಲ್ಲಿ ನಿಂತು, ಎಣ್ಣೆ ಹಾಕಿದವನು ಯಾರು ಎಂದು ಕೂಗಿದ. ಎಣ್ಣೆ ಹಾಕಿದ ದಿನ ಮೊದಲು ಸುರಿದದ್ದು ಅಲ್ಲಿ ಕೆಲಸಕ್ಕಿದ್ದ ಬೂದೆಪ್ಪ, ಆಮೇಲೆ ಕಡಿಮೆಯಾದಷ್ಟು ತುಂಬಿದ್ದು ಅವನ ಉಸ್ತಾದ್ ಸತ್ತಾರ್ ಸಾಬ್. ಬ್ರೇಕಿನ ಎಣ್ಣೆ, ಇಂಜಿನ್ ಎಣ್ಣೆ ಎರಡೂ ಒಂದೇ ನಮೂನೆಯ ಡಾಲ್ಡಾ ಡಬ್ಬಿಗಳಲ್ಲಿ, ಒಂದೇ ಗೂಡಿನಲ್ಲಿ. ಸತ್ತಾರ್ ಸಾಬ್ ನೆಲ ನೋಡುತ್ತ, "ಅಂವನ ಹಾಕಿರಬೇಕು," ಎಂದಿದ್ದರು. ಹಾಕಿದ್ದಾನೆ ಎನ್ನಲಿಲ್ಲ, ಹಾಕಿರಬೇಕು. ಗುತ್ತಿಗೆದಾರ ಬೂದೆಪ್ಪನಿಗೆ ಎಡಗೈಯಲ್ಲಿ ಹೊಡೆದ. ಕೇರಿಯ ಹೆಸರೆತ್ತಿ, ಏಳನೇ ಇಯತ್ತೆಗೇ ಶಾಲೆ ಬಿಟ್ಟು ಬಂದವನ ಕೈಗೆ ಗಾಡಿ ಕೊಟ್ಟರೆ ಇನ್ನೇನಾದೀತು ಎಂದ. ಉಸ್ತಾದ್ ತಡೆಯಲಿಲ್ಲ. ಆ ವಾರವೇ ಬೂದೆಪ್ಪ ಗ್ಯಾರೇಜು ಬಿಟ್ಟು ಮಾನ್ವಿಗೆ ಬಂದಿದ್ದ.

ಪೆಟ್ಟು ಮಾಯ್ದಿತ್ತು. ಮಾಯದೆ ಉಳಿದದ್ದು ಆ 'ಇರಬೇಕು'. ನನ್ನ ಕೈಯೇ ತಪ್ಪಿತೇ? ನಾನೇ ಆ ಡಬ್ಬಿ ಎತ್ತಿದೆನೇ? ಅಂದಿನಿಂದ ಯಾರದೇ ಕಾರಿಗೆ ಎಣ್ಣೆ ಹಾಕುವ ಮುಂಚೆ ಬೆರಳಿಗೆ ಹಚ್ಚಿ ಮೂಸುತ್ತಿದ್ದ, ನೆಕ್ಕುತ್ತಿದ್ದ, ನೀರಿಗೆ ಬಿಟ್ಟು ನೋಡುತ್ತಿದ್ದ. ಆದರೂ ರಸ್ತೆಯ ಮೇಲೆ ಟೈರು ಕಿರುಗುಟ್ಟಿದ ಸದ್ದು ಕೇಳಿದರೆ ಕೈಯ ಕೆಲಸ ಬಿಟ್ಟು ಹೊರಗೆ ಓಡುತ್ತಿದ್ದ.

"ಹೊಸಾ ರಬ್ಬರ್ ಇಲ್ಲಿ ಸಿಗಂಗಿಲ್ಲ. ರಾಯಚೂರಿಗೆ ಹೋಗಿ ತರ್ತೀನಿ," ಎಂದು ಅವನು ಉಬ್ಬಿದ ವಾಷರನ್ನು ಅಂಗಿಯ ಜೇಬಿಗಿಳಿಸಿದ. ರಾಮಣ್ಣ ಮಾನ್ವಿಯಲ್ಲಿದ್ದ ತನ್ನ ಅಕ್ಕನ ಮನೆಯ ದಾರಿ ಹಿಡಿಯುತ್ತ ಹೇಳಿದ: "ಸಾಬಂದ ತಪ್ಪು ಇದ್ರ ಹೇಳು. ನಾಳಿಗೆ ಟ್ಯಾಕ್ಸಿ ಸ್ಟ್ಯಾಂಡಿನ ತುಂಬ ಸಾರತೀನಿ. ನಿನ್ನ ಹೆಸರು ತೊಳದಂಗ ಆಗತದ."

ಬಸ್ಸಿನಲ್ಲಿ ಬೂದೆಪ್ಪ ಮಾತು ಜೋಡಿಸಿಕೊಂಡ. ಒಂದೊಂದನ್ನೂ ಹಲ್ಲಿನ ನಡುವೆ ಮಸೆದು ಚೂಪು ಮಾಡಿದ. ಕಲ್ಮಲ ಬಂದಾಗ ಆ ತಗ್ಗು ಕಂಡಿತು. ಈಗ ಅಲ್ಲಿ ಜಾಲಿ ಬೆಳೆದಿತ್ತು. ಜೇಬಿನ ಮೇಲೆ ಕೈಯಿಟ್ಟುಕೊಂಡ.

ಗಾಡಿ ಸಾಮಾನಿನ ಅಂಗಡಿಯಲ್ಲಿ ರಬ್ಬರ್, ಬ್ರೇಕಿನ ಎಣ್ಣೆ ಕೊಂಡು ಚೀಲಕ್ಕೆ ಹಾಕಿ, ತೀನ್ ಕಂದೀಲಿನ ಸಂದಿಗೆ ಹೊಕ್ಕಾಗ ಗ್ಯಾರೇಜಿನ ಮುಂದೆ ಗಾಡಿಗಳಿರಲಿಲ್ಲ. ಸತ್ತಾರ್ ಸಾಬ್ ಬಾಗಿಲಲ್ಲೇ ಖಾಲಿ ಪೆಟ್ಟಿಗೆಯ ಮೇಲೆ ಕೂತು ಒಂದು ಪ್ಲಗ್ಗು ಉಜ್ಜುತ್ತಿದ್ದರು. ಬೂದೆಪ್ಪ ಎದುರಿಗೆ ನಿಂತ. ಅವರು ತಲೆ ಎತ್ತಿ, "ಯಾರು?" ಎಂದರು.

ಹದಿಮೂರರ ಹುಡುಗನಾಗಿದ್ದಾಗಿನಿಂದ ಈ ಅಂಗಳದಲ್ಲಿ ಬೆಳೆದವನನ್ನೇ 'ಯಾರು' ಎನ್ನುತ್ತಾರೆ. "ಇಷ್ಟು ಲಗೂ ಮರ್ತಿರೇನು?"

ಮುದುಕರ ಮುಖ ತುಸು ವಾಲಿತು, ಕಿವಿಯನ್ನು ಮುಂದೆ ಮಾಡಿದಂತೆ. "ಬೂದೆಪ್ಪ," ಎಂದರು. "ಬಾ ಬೇಟಾ, ಕುಂದರು. ಅಮೀರ್ ಬೀ, ಚಾ ತಾ. ಬೂದೆಪ್ಪ ಬಂದಾನ."

ಬೂದೆಪ್ಪ ಕೂಡಲಿಲ್ಲ. ಜೇಬಿನಿಂದ ವಾಷರ್ ತೆಗೆದು ಅವರ ಅಂಗೈಗೆ ಹಾಕಿದ. ಸತ್ತಾರ್ ಸಾಬ್ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು, ಅಷ್ಟೆ.

"ಇಂಜಿನ್ ಆಯಿಲ್ ಕುಡದದ."

"ಹೌದ್ರಿ."

"ಯಾರ ಗಾಡಿ?"

"ದೇವದುರ್ಗದ ರಾಮಣ್ಣಂದು. ಹೋದ ವಾರ ಇಲ್ಲೇ ಎಣ್ಣಿ ಹಾಕಿಸ್ಯಾನ." ಬೂದೆಪ್ಪ ಉಸಿರು ಎಳೆದುಕೊಂಡ. "ಹೋದ ವಾರ ನಾ ಇಲ್ಲಿ ಇದ್ದಿಲ್ಲ, ಉಸ್ತಾದ್."

ಒಳಗಿನಿಂದ ಸಾಬರ ಹೆಂಡತಿ ಅಮೀರ್ ಬೀ ಕಪ್ಪು-ಬಸಿ ತಂದು ಪೆಟ್ಟಿಗೆಯ ಮೇಲಿಟ್ಟು, ಬೂದೆಪ್ಪನ ಮುಖ ನೋಡಿ, ಅಲ್ಲೇ ನಿಂತಳು. ಆ ಗ್ಯಾರೇಜಿನಲ್ಲಿ ಯಾವತ್ತೂ ಒಂದೇ ಚಹಾ ಬರುತ್ತಿತ್ತು. ಅರ್ಧ ಕಪ್ಪಿನಲ್ಲಿ ಉಸ್ತಾದರಿಗೆ, ಅರ್ಧ ಬಸಿಯಲ್ಲಿ ಬೂದೆಪ್ಪನಿಗೆ. ರಾಯಚೂರಿನ ಅಷ್ಟೂ ಓಣಿಗಳಲ್ಲಿ ಅವನ ತುಟಿ ತಾಗಿದ ಬಸಿಯನ್ನು ತಿರುಗಿ ತಮ್ಮ ಕಪ್ಪಿನ ಕೆಳಗೆ ಇಟ್ಟುಕೊಂಡವರು ಅವರೊಬ್ಬರೇ.

ಸತ್ತಾರ್ ಸಾಬ್ ಬಸಿಯನ್ನು ತಡವಿ ಹತ್ತಿರ ಎಳೆದುಕೊಂಡರು. ತೋರುಬೆರಳನ್ನು ಅಂಚಿನಿಂದ ಒಳಕ್ಕೆ ಇಳಿಬಿಟ್ಟು, ಕಪ್ಪನ್ನು ಬಗ್ಗಿಸಿದರು. ಬಿಸಿ ಚಹಾ ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸಿದರು. ಒಂದು ಹನಿ ಹೊರಗೆ ಬೀಳಲಿಲ್ಲ. ಬಹಳ ದಿನದ ರೂಢಿಯ ಕೈ ಅದು.

ಬೂದೆಪ್ಪ ಆ ಒದ್ದೆ ಬೆರಳನ್ನೇ ನೋಡಿದ.

"ಯಾವಾಗಿಂದ ಹಿಂಗ?"

"ಕಣ್ಣಾಗ ಹೊಗಿ ತುಂಬಿದಂಗ ಆಗತದ. ಬೆಳಕಿಗೆ ಇನ್ನಷ್ಟು."

"ಗುತ್ತಿಗೆದಾರನ ಗಾಡಿ ಟೈಮಿಗೆ?"

ಸತ್ತಾರ್ ಸಾಬ್ ಪ್ಲಗ್ಗನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅದಕ್ಕೂ ಮೊದಲಿಂದ," ಎಂದರು.

ಅಷ್ಟೇ. ಎರಡು ವರ್ಷ ಕಾದ ಮಾತು ಅದು. ಕೇಳಿಸಿಕೊಳ್ಳಲು ಬಜಾರಿನ ಒಂದು ನರಪಿಳ್ಳೆಯೂ ಹತ್ತಿರವಿರಲಿಲ್ಲ.

"ಮಂದೀಗೆ ಹೇಳಿದಿಯೇನು?" ಎಂದು ಕೇಳಿದ್ದು ಅಮೀರ್ ಬೀ.

"ಇನ್ನಾ ಇಲ್ಲ," ಎಂದ ಬೂದೆಪ್ಪ, ಹೊಡೆದಂತೆ. "ಜೀವ ಹೋಗೋ ಕೆಲಸ ಇದು, ಉಸ್ತಾದ್. ಕಾಣದ ಕಣ್ಣೀಲೆ ಬ್ರೇಕ್ ಯಾಕ ಮುಟ್ಟತೀರಿ?"

"ಕೈಯಾಗ ಮತ್ತ್ಯಾವ ಇಲ್ಮು, ಮತ್ತ್ಯಾವ ಕಸಬು ಅದ ನನಗ?"

ಬೂದೆಪ್ಪ ಅವರನ್ನು ದಾಟಿ ಒಳಗೆ ಹೋದ. ಗೂಡಿನಲ್ಲಿ ಅವೇ ಡಬ್ಬಿಗಳು, ಕಿವಿಗೆ ಕಿವಿ ತಾಗಿಸಿಕೊಂಡು. ಎರಡನ್ನೂ ಮೂಸಿದ. ಬ್ರೇಕಿನ ಡಬ್ಬಿಯನ್ನು ಮೋರಿಗೆ ಬಗ್ಗಿಸಿ, ಸ್ಪಿರಿಟ್ಟಿನಲ್ಲಿ ತೊಳೆದು, ತನ್ನ ಚೀಲದಲ್ಲಿದ್ದ ಹೊಸ ಎಣ್ಣೆಯಲ್ಲಿ ಅರ್ಧ ಸುರಿದ. ಮೂಲೆಯಲ್ಲಿ ಬಿದ್ದಿದ್ದ ಹಳೇ ಕ್ಲಚ್ ವೈರಿನ ಎಳೆ ಬಿಡಿಸಿ ಅದರ ಕೊರಳಿಗೆ ಬಿಗಿಯಾಗಿ ಸುತ್ತಿ ತಿರುಚಿದ. ತಂದು ಅವರ ಕೈಗೆ ಕೊಟ್ಟ.

"ತಂತಿ ಇದ್ದದ್ದು ಬ್ರೇಕ್. ಬರೇ ಇದ್ದದ್ದು ಇಂಜಿನ್. ಆದ್ರೂ ನೋಡಾವ ಒಬ್ಬ ಮಗ್ಗಲದಾಗ ಇಲ್ಲಂದ್ರ ಬ್ರೇಕಿಗೆ ಕೈ ಹಚ್ಚಬ್ಯಾಡ್ರಿ."

"ನೋಡಾವ ಇದ್ದ ಒಬ್ಬ," ಎಂದರು ಸತ್ತಾರ್ ಸಾಬ್. ಅವರ ಬೆರಳು ಡಬ್ಬಿಯ ಕೊರಳ ಸುತ್ತ ಮೆಲ್ಲಗೆ ಹೋಗಿ ತಿರುಚಿದಲ್ಲಿ ನಿಂತಿತು. "ಗಂಟು ಎಡಕ ತಿರುವಿದಿ. ಬಲಕ ತಿರುವು ಅಂತ ಎಷ್ಟು ಬಡಕೊಂಡಿದ್ದೆ."

ಬೂದೆಪ್ಪ ಚೀಲ ಹೆಗಲಿಗೇರಿಸಿದ. ಬಸಿಯಲ್ಲಿನ ಚಹಾ ಕೆನೆಗಟ್ಟಿತ್ತು. "ಬಸ್ ಅದ," ಎಂದು ಹೊರಬಿದ್ದ. ಮತ್ತೆ ಯಾವಾಗ ಬರುತ್ತೀ ಎಂದು ಹಿಂದಿನಿಂದ ಕೇಳಿದಂತಾಯಿತು. ಸಂದಿ ದಾಟುವ ತನಕ ತಿರುಗಲಿಲ್ಲ.

ಮಾರನೇ ದಿನ ಸಂಜೆಗೆ ಅಂಬಾಸಿಡರ್ ತಯಾರಾಯಿತು. ಕೊಳವೆಗಳಿಂದ ಹಳೇ ಎಣ್ಣೆಯನ್ನೆಲ್ಲ ಹೊರಗೆ ಓಡಿಸಿ, ಮಾಸ್ಟರ್ ಸಿಲಿಂಡರಿಗೂ ನಾಲ್ಕೂ ಗಾಲಿಗೂ ಹೊಸ ರಬ್ಬರ್ ಹಾಕಿ, ಬೂದೆಪ್ಪ ತಾನೇ ನೀರಮಾನ್ವಿ ದಾರಿಯಲ್ಲಿ ಓಡಿಸಿಕೊಂಡು ಬಂದ. ಬ್ರೇಕು ಹಿಡಿಯಿತು, ಬಿಟ್ಟಿತು. ಡ್ರಮ್ಮುಗಳ ಮೇಲೆ ಅಂಗೈ ಇಟ್ಟರೆ ಹಸುವಿನ ಮೈಯಷ್ಟೇ ಬೆಚ್ಚಗಿದ್ದವು.

"ಹೇಳಲಿಲ್ಲಲ್ಲ ಮತ್ತ," ಎಂದ ರಾಮಣ್ಣ ಸ್ಟೇರಿಂಗ್ ಹಿಂದೆ ಕೂತು. "ಸಾಬಂದ ತಪ್ಪು ಹೌದಲ್ಲೋ?"

"ಇನ್ನು ಮ್ಯಾಲ ಬ್ರೇಕಿನ ಕೆಲಸ ನನ್ನ ಕಡೆ ತಾ. ಸ್ಟ್ಯಾಂಡಿನ್ಯಾಗ ಇದ್ದವರಿಗೂ ಅಷ್ಟ ಹೇಳು."

"ಅದಲ್ಲೋ ಮಾರಾಯ. ನೀ ಬಾಯಿ ಬಿಡದಿದ್ರ ಆಗಿನ ತಪ್ಪು ನಿನ್ನ ತಲಿ ಮ್ಯಾಲ ಉಳೀತದ."

"ಉಳೀಲಿ. ಹೋಗು, ಹೊತ್ತು ಮುಣಗಾಕತ್ತದ."

ಗಾಡಿ ಸಿರವಾರದ ರಸ್ತೆಗೆ ಹೊರಳಿತು. ಧೂಳು ಇಳಿಯುವ ತನಕ ಬೂದೆಪ್ಪ ನಿಂತಿದ್ದ. ಆಮೇಲೆ ಸ್ಟೌ ಹಚ್ಚಿದ. ಗ್ಲಾಸು ನಿನ್ನೆ ಬಿಟ್ಟುಹೋದಲ್ಲೇ ಇತ್ತು; ನೀರಿನ ಮೇಲೆ ಎಣ್ಣೆ ಇನ್ನೂ ದುಂಡಗೆ ತೇಲುತ್ತಿತ್ತು. ಚೆಲ್ಲಿದ. ಬೂದಿ ಹಾಕಿ ತಿಕ್ಕಿದ, ಮೂಸಿದ, ಮತ್ತೆ ತಿಕ್ಕಿದ. ವಾಸನೆ ಪೂರ್ತಿ ಹೋಗಲಿಲ್ಲ.

ಚಹಾ ಗ್ಲಾಸಿಗೆ ಸೋಸಿದ. ಖಾಲಿ ಡಬ್ಬಿಯೊಂದರ ಮುಚ್ಚಳ ತೊಳೆದು ಬಸಿಯಂತೆ ಅಂಗಾತ ಇಟ್ಟು, ತೋರುಬೆರಳನ್ನು ಅಂಚಿನಿಂದ ಒಳಗಿಳಿಸಿ, ಕಣ್ಣು ಮುಚ್ಚಿ ಸುರಿದ. ಬೆರಳು ಸುಟ್ಟಿತು. ಕಣ್ಣು ತೆರೆದು ನೋಡಿದರೆ ಅರ್ಧ ಹೊರಗೆ ಚೆಲ್ಲಿತ್ತು. ಉಳಿದದ್ದನ್ನು, ಉಸ್ತಾದ್ ಕೂತಿದ್ದಾರೋ ಎಂಬಂತೆ, ಎದುರಿಗೆ ಸರಿಸಿಟ್ಟು, ಅವನು ಗ್ಲಾಸು ಹಿಡಿದು ಕೂತ.